ಖಾಲಿ ಬಿಡದ ಖಾನೆ

ತಕ್ಕಡಿ ಸಾಹೇಬರು ಇಪ್ಪತ್ತೊಂದು ವರ್ಷಗಳಿಂದ ಒಂದೇ ಒಂದು ಖಾನೆಯನ್ನೂ ಖಾಲಿ ಬಿಟ್ಟವರಲ್ಲ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವರದು ಇಪ್ಪತ್ತೆರಡು ವರ್ಷದ ಸೇವೆ. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಎಣ್ಣೆಯ ಅಳತೆ, ಬಟ್ಟೆ ಅಳೆಯುವ ಕಡ್ಡಿ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ಒತ್ತಿದ ಪ್ರತಿ ಮುದ್ರೆಗೂ ಮೂವತ್ತೆರಡು ಖಾನೆಗಳ ಒಂದು ಫಾರಂ ತುಂಬಬೇಕು. ಅದರಲ್ಲಿ ಒಂದೇ ಖಾನೆ ಖಾಲಿ ಉಳಿದರೂ ಮೇಲಿನ ಕಚೇರಿಯಿಂದ ಅದು ಮೂರೇ ದಿನದಲ್ಲಿ ವಾಪಸು ಬರುತ್ತದೆ, ಹಣೆಯ ಮೇಲೆ ಕೆಂಪು ಶಾಯಿಯಲ್ಲಿ ‘ಅಪೂರ್ಣ’ ಎಂದು ಬರೆಸಿಕೊಂಡು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಂಥ ಎರಡು ಫಾರಂಗಳು ವಾಪಸು ಬಂದಿದ್ದವು. ಆ ಅವಮಾನವನ್ನು ಸಾಹೇಬರು ಇನ್ನೂ ಮರೆತಿರಲಿಲ್ಲ. ಅಂದಿನಿಂದ ‘ಇತರೆ’ ಎಂಬ ಕೊನೆಯ ಖಾನೆಗೆ ಬರೆಯಲು ಏನೂ ತೋಚದಿದ್ದರೆ ಆ ದಿನದ ಹವಾಮಾನವನ್ನಾದರೂ ಬರೆದು ಕಳಿಸುತ್ತಿದ್ದರು. ಇಲಾಖೆಯ ಕಡತಗಳನ್ನು ತೆಗೆದು ನೋಡಿದರೆ ಆ ಊರಿನ ಇಪ್ಪತ್ತೆರಡು ವರ್ಷದ ಮಳೆ ಬಿಸಿಲಿನ ಲೆಕ್ಕ ಸಿಕ್ಕೀತು.

ಇಂಥವರ ಕೈಗೆ ಮಗಳ ಶಾಲೆಯ ಪ್ರವೇಶದ ಅರ್ಜಿ ಬಂದಿತು. ಹನ್ನೊಂದು ಪುಟ.

ಅದು ಸಾಮಾನ್ಯ ಶಾಲೆಯಲ್ಲ, ದ್ವಿಭಾಷಾ ಅಂತರರಾಷ್ಟ್ರೀಯ ಶಾಲೆ. ಪ್ರವೇಶ ಪರೀಕ್ಷೆಯಲ್ಲಿ ಹುಡುಗಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದಳು, ಸೀಟು ಸಿಕ್ಕ ಹಾಗೆಯೇ. ಅರ್ಜಿಯೊಂದು ಸರಿಯಾಗಿ ಹೋಗಬೇಕಿತ್ತು. ಸಾಹೇಬರು ಊಟದ ಮೇಜನ್ನು ಎರಡು ಸಲ ಒರೆಸಿ, ಅಡಿಕೋಲು ಮತ್ತು ಪೆನ್ನನ್ನು ಸಮಾನಾಂತರವಾಗಿ ಇಟ್ಟುಕೊಂಡು ಕುಳಿತರು. ಹೆಂಡತಿ ಹೆರಿಗೆ ವಾರ್ಡಿನಲ್ಲಿ ಹಿರಿಯ ನರ್ಸ್. ಡ್ಯೂಟಿ ಮುಗಿಸಿ ಬಂದು, ಚಪ್ಪಲಿ ಬಿಡುತ್ತಲೇ ಗಂಡನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ರೀ, ಇದೇನಿದು? ನಿಮಗೆ ಈಜು ಬರುತ್ತಾ?”

“ಬರಲ್ಲ.”

“ಮತ್ತೆ ಟಿಕ್ ಹಾಕಿದೀರಲ್ಲ?”

“ಖಾನೆ ಇತ್ತು.”

“ಕೊಳಲು?”

“ಅದಕ್ಕೂ ಖಾನೆ ಇತ್ತು ಕಣೇ. ‘ಪೋಷಕರ ವಿಶೇಷ ಕೌಶಲಗಳು’ ಅಂತ ಒಂದು ಪುಟಾನೇ ಇದೆ. ಖಾಲಿ ಬಿಟ್ರೆ ಅಪೂರ್ಣ ಅಂತ ವಾಪಸ್ ಕಳಿಸ್ತಾರೆ. ಮಗು ಸೀಟು ಹೋಗುತ್ತೆ.”

“ಪರ್ವತಾರೋಹಣ! ಮೊನ್ನೆ ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿ, ಇಳಿಯೋಕೆ ನನ್ನ ಕೈ ಕೇಳಿದ್ರಿ.”

“ಹತ್ತಿದ್ನಲ್ಲ,” ಎಂದರು ಸಾಹೇಬರು, ಮುಂದಿನ ಖಾನೆಗೆ ಹೋಗುತ್ತ.

ಹೀಗೆ ಅವರು ನಲವತ್ತೊಂದು ಕೌಶಲಗಳ ಒಡೆಯರಾದರು. ನಾಲ್ಕನೇ ಪುಟದಲ್ಲಿ ‘ಮನೆಯಲ್ಲಿ ಆಡುವ ಭಾಷೆ’ ಎಂಬಲ್ಲಿ ಎರಡು ಖಾನೆಗಳಿದ್ದವು, ಒಂದು ಹಸಿರು, ಇನ್ನೊಂದು ನೀಲಿ. ಹಸಿರು ಎಂದರೆ ಊರಿನ ಭಾಷೆ. ನೀಲಿ ಎಂದರೆ ಶಾಲೆಯ ಎರಡನೇ ಭಾಷೆ, ಕಡಲಾಚೆಯದು. ಸಾಹೇಬರ ಮನೆಯಲ್ಲಿ ಆ ಭಾಷೆಯ ಒಂದಕ್ಷರವೂ ಯಾರ ಬಾಯಲ್ಲೂ ಬಂದದ್ದಿಲ್ಲ. ಸಾಹೇಬರು ಎರಡಕ್ಕೂ ಟಿಕ್ ಹಾಕಿ, ಅಡಿಯಲ್ಲಿ ಸಹಿ ಹಾಕಿ, ‘ಇತರೆ’ ಎಂಬಲ್ಲಿ ‘ತಂಪು ಗಾಳಿ, ಮೋಡವಿಲ್ಲ’ ಎಂದು ಬರೆದು ಲಕೋಟೆಗೆ ಅಂಟು ಸವರಿದರು. ಈಜು, ಕೊಳಲು, ಪರ್ವತಗಳನ್ನು ಬೇಕಾದರೆ ಕ್ಷಮಿಸಬಹುದು. ಎಲ್ಲ ಅನಾಹುತಕ್ಕೂ ಮೂಲವಾದದ್ದು ಆ ನೀಲಿ ಟಿಕ್ಕು.

ಆ ಶಾಲೆಯ ಪದ್ಧತಿ ಹೀಗಿತ್ತು: ಒಂದು ದಿನ ಹಸಿರು, ಮರುದಿನ ನೀಲಿ. ಬೆಳಿಗ್ಗೆ ಗೇಟಿನ ಮೇಲೆ ಆಯಾ ಬಣ್ಣದ ಬಾವುಟ ಏರಿತೆಂದರೆ ಸಂಜೆಯವರೆಗೆ ಆವರಣದೊಳಗೆ ಆ ಭಾಷೆಯ ಹೊರತು ಬೇರೆ ಮಾತಿಲ್ಲ. ಕಾವಲುಗಾರ ಪ್ರತಿಯೊಬ್ಬರ ಎದೆಗೂ ಆ ದಿನದ ಬಣ್ಣದ ಬ್ಯಾಡ್ಜ್ ಚುಚ್ಚುತ್ತಿದ್ದ. ಮಕ್ಕಳು, ಮೇಡಂಗಳು, ಪೋಷಕರು, ಯಾರಿಗೂ ವಿನಾಯಿತಿ ಇರಲಿಲ್ಲ. ನೀಲಿ ದಿನ ಬಂದ ನಲ್ಲಿ ರಿಪೇರಿಯವನು ಬರೀ ಕೈಸನ್ನೆಯಲ್ಲೇ ಮೂರು ಸ್ನಾನದ ಕೋಣೆ ಸರಿಮಾಡಿ ಹೋಗಿದ್ದನೆಂದು ಶಾಲೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಪೋಷಕರ ಮೊದಲ ಸಭೆ ನೀಲಿ ದಿನವೇ ಬಿದ್ದಿತು. ಸಾಹೇಬರು ಎದೆಗೆ ನೀಲಿ ಬ್ಯಾಡ್ಜ್, ಬಾಯಿಗೆ ಬೀಗ ಹಾಕಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಅಲ್ಲಿ ಎರಡು ಪಕ್ಷಗಳಿದ್ದವು. ಒಂದರ ಮುಂದಾಳು ಹಲ್ಲಿನ ಡಾಕ್ಟರು, ಇನ್ನೊಂದಕ್ಕೆ ಕಟ್ಟಡದ ಗುತ್ತಿಗೆ ಹಿಡಿಯುವ ಒಬ್ಬ ತಾಯಿ. ಇಬ್ಬರೂ ನೀಲಿ ಭಾಷೆಯಲ್ಲಿ ಮುಕ್ಕಾಲು ಗಂಟೆ ಜಗಳವಾಡಿದರು. ಮೇಜು ಗುದ್ದಿದರು. ಡಾಕ್ಟರು ಒಮ್ಮೆ ಎದ್ದು ಹೊರಟು, ಕೊಡೆ ಮರೆತದ್ದು ನೆನಪಾಗಿ ವಾಪಸು ಬಂದು ಕೂತರು.

ಸಾಹೇಬರು ಸುಮ್ಮನೆ ನೋಡಿದರು. ತಕ್ಕಡಿಯ ಮುಳ್ಳು ತೂಗುತ್ತಿರುವಾಗ ಮಾತಾಡಬಾರದು, ಅದು ನಿಲ್ಲುವವರೆಗೆ ಕಾಯಬೇಕು ಎಂಬುದು ಅವರ ವೃತ್ತಿಯ ಶಿಸ್ತು. ಮುಖವೂ ಅದಕ್ಕೆ ಒದಗಿಬಂತು. ದೇವರು ಅವರಿಗೆ ಎಂಥ ಗಂಭೀರ ಮುಖ ಕೊಟ್ಟಿದ್ದನೆಂದರೆ, ಅವರು ತಲೆನೋವಿನ ಮಾತ್ರೆ ಎಲ್ಲಿಟ್ಟೆ ಎಂದು ಯೋಚಿಸುತ್ತಿದ್ದರೂ ನೋಡಿದವರಿಗೆ ಲೋಕದ ಹಿತ ಚಿಂತಿಸುತ್ತಿರುವಂತೆ ಕಾಣುತ್ತಿತ್ತು. ಕೊನೆಗೆ, ಕಚೇರಿಗೆ ಹೊತ್ತಾಯಿತೆಂದು ಅವರು ಗೋಡೆಯ ಗಡಿಯಾರ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಉದ್ದನೆಯ ನಿಟ್ಟುಸಿರು ಬಿಟ್ಟರು.

ಕೋಣೆ ಗಪ್‌ಚಿಪ್ಪಾಯಿತು. ಡಾಕ್ಟರು ತಲೆ ತಗ್ಗಿಸಿದರು. ಗುತ್ತಿಗೆಯ ತಾಯಿ ಎದ್ದು ಬಂದು ಸಾಹೇಬರ ಕೈ ಕುಲುಕಿದಳು.

ಆದದ್ದೇನೆಂದು ಮರುದಿನ, ಹಸಿರು ದಿನ, ಚಟುವಟಿಕೆ ಮೇಡಂ ಫೋನ್ ಮಾಡಿದಾಗಲೇ ಸಾಹೇಬರಿಗೆ ತಿಳಿದದ್ದು. ಶಾಲೆಯಲ್ಲಿ ಪಾಠದ ಹೊರಗಿನ ಸಮಸ್ತ ವ್ಯವಹಾರಗಳನ್ನೂ ನೋಡಿಕೊಳ್ಳುತ್ತಿದ್ದವರು ಇವರೇ.

“ಸರ್, ನಿನ್ನೆ ನೀವು ಸುಮ್ಮನಿದ್ದ ರೀತಿ ಇದೆಯಲ್ಲ! ಎಲ್ಲರಿಗೂ ನಾಚಿಕೆ ಆಯ್ತು. ಈಜುಕೊಳದ ಸಮಯಕ್ಕೆ ಮೂರು ತಿಂಗಳಿಂದ ಕಿತ್ತಾಡ್ತಿದ್ರು, ನಿಮ್ಮ ಒಂದು ನಿಟ್ಟುಸಿರಿಗೆ ರಾಜಿ ಆದ್ರು. ಪ್ರಿನ್ಸಿಪಾಲರು ಆಮೇಲೆ ನಿಮ್ಮ ಫಾರಂ ತರಿಸಿ ನೋಡಿದ್ರು. ಆರನೇ ತರಗತಿಯ ಭಾಷಣ ದಿನಕ್ಕೆ ನೀವೇ ಮುಖ್ಯ ತೀರ್ಪುಗಾರರು!”

“ಅಯ್ಯೋ, ನಾನು—”

“ನೀವು ಬೇಡ ಅಂತೀರ ಅಂತ ಗೊತ್ತಿತ್ತು ಸರ್. ಇಷ್ಟೆಲ್ಲ ಬಲ್ಲವರು ಹೀಗೇ ಇರ್ತಾರೆ.”

“ನನ್ನ ಮಗಳೂ ಅದೇ ತರಗತೀಲಿ—”

“ಅದಕ್ಕೇನು? ತಕ್ಕಡಿ ಹಿಡಿಯೋ ಕೈ ಅದು. ನಿಮ್ಮ ಮೇಲೆ ನಮಗೆ ಅನುಮಾನಾನಾ?” ಎಂದು ಮೇಡಂ ಫೋನ್ ಇಟ್ಟರು.

ಶಾಲೆಯ ಮಾಸಿಕ ಪತ್ರಿಕೆಯಲ್ಲಿ ಸಾಹೇಬರ ಭಾವಚಿತ್ರ ಬಂದಿತು. ಕೆಳಗೆ ‘ದ್ವಿಭಾಷಾ ವಿದ್ವಾಂಸರು, ಈಜುಪಟು, ಕೊಳಲು ವಾದಕರು, ಪರ್ವತಾರೋಹಿ, ಕುಂಬಾರಿಕೆಯಲ್ಲಿ ಆಸಕ್ತರು’ ಎಂದಿತ್ತು. ಹೆಂಡತಿಯ ತಮ್ಮ ಫೋನ್ ಮಾಡಿ, “ಭಾವಾ, ಮುಂದಿನ ಸಲ ಬೆಟ್ಟ ಹತ್ತುವಾಗ ನನ್ನೂ ಕರೀರಿ, ಒಬ್ಬರೇ ಹೋಗ್ಬೇಡಿ,” ಎಂದು ಕಳಕಳಿಯಿಂದ ಬೇಡಿಕೊಂಡ. ಸಾಹೇಬರು ಆಗಲಿ ಎಂದರು. ಇಲ್ಲ ಎನ್ನಲು ಮೊದಲಿನಿಂದ ಹೇಳಬೇಕಾಗುತ್ತಿತ್ತು.

ಮೇಲಿನ ಮನೆಯಲ್ಲಿ ರೈಲ್ವೆಯ ನಿವೃತ್ತ ಗಾರ್ಡು ಇದ್ದರು. ಅವರು ಪತ್ರಿಕೆ ಓದಿದವರೇ ಹೊಸ ಬಟ್ಟೆ ಒಗೆಯುವ ಯಂತ್ರದ ಕೈಪಿಡಿ ಹಿಡಿದು ಇಳಿದು ಬಂದರು.

“ನೋಡಿ, ಪೂರ್ತಿ ನೀಲಿ ಭಾಷೇಲಿದೆ. ಮೂರು ವಾರದಿಂದ ಯಂತ್ರ ಹಾಗೇ ಕೂತಿದೆ. ಇಷ್ಟು ದಿನ ಕೆಳಗಡೆ ಇಂಥ ಮಹನೀಯರಿದ್ರೂ ನಮಗೆ ಗೊತ್ತೇ ಆಗ್ಲಿಲ್ವಲ್ಲ!”

ಸಾಹೇಬರು ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದರು. ಚಿತ್ರಗಳನ್ನು ನಿಧಾನವಾಗಿ ನೋಡಿದರು. ಒಂದು ಚಿತ್ರದಲ್ಲಿ ಕೊಳವೆಗೆ ಅಡ್ಡಗೆರೆ ಎಳೆದಿತ್ತು.

“ಈ ಕೊಳವೆ ಬೇಡ ಅಂತಿದೆಯಾ?” ಎಂದು ಗಾರ್ಡು ಕೇಳಿದರು.

ಸಾಹೇಬರು ನಿಟ್ಟುಸಿರು ಬಿಟ್ಟರು. ಅದೇ ಅವರ ತಪ್ಪು. ಆ ಹೊತ್ತಿಗಾಗಲೇ ಊರಿನಲ್ಲಿ ಅವರ ನಿಟ್ಟುಸಿರಿಗೆ ಅಪ್ಪಣೆಯ ಬೆಲೆ ಬಂದಿತ್ತು. ಗಾರ್ಡು ನೇರ ಮೇಲೆ ಹೋಗಿ ಕೊಳವೆ ಕಿತ್ತು ಹಾಕಿ ಯಂತ್ರ ಚಾಲೂ ಮಾಡಿದರು. ಹತ್ತು ನಿಮಿಷದಲ್ಲಿ ಸಾಬೂನು ನೊರೆ ಒಂದೊಂದೇ ಮೆಟ್ಟಿಲು ಇಳಿದು ಬಂದು ಸಾಹೇಬರ ಬಾಗಿಲ ಮುಂದೆ ನಿಂತಿತು. ಹಿಂದೆಯೇ ಗಾರ್ಡಿನ ಹೆಂಡತಿ, ಕೈಯಲ್ಲಿ ಬಕೆಟ್ಟು.

“ಹೀಗೇ ಆಗಬೇಕಾ ಇದು?” ಎಂದು ಆಕೆ ಏದುಸಿರು ಬಿಡುತ್ತ ಕೇಳಿದಳು.

“ಮೊದಲನೇ ಸಲಕ್ಕೆ,” ಎಂದರು ಸಾಹೇಬರು.

ಆಕೆ ಕೃತಜ್ಞತೆಯಿಂದ ಮೆಟ್ಟಿಲು ಒರೆಸತೊಡಗಿದಳು. ಸಾಹೇಬರು ಬಾಗಿಲು ಹಾಕಿಕೊಂಡು ಒಳಗೆ ಗರಬಡಿದವರಂತೆ ನಿಂತರು. ಆಗಲೇ ಎಲ್ಲವನ್ನೂ ಒಪ್ಪಿಕೊಂಡು ಬಿಡಬಹುದಿತ್ತು. ಆದರೆ ಇನ್ನೊಬ್ಬರು ಅಷ್ಟೊಂದು ನಂಬಿದಾಗ ಅಲ್ಲವೆನ್ನುವುದು ಅವರಿಗೆ ಕೆಟ್ಟ ನಡತೆಯಂತೆ ಕಾಣುತ್ತಿತ್ತು.

ಭಾಷಣ ದಿನಕ್ಕೆ ಇನ್ನು ನಾಲ್ಕು ದಿನ. ಶಾಲೆಯಿಂದ ಬಂದ ಮಗಳು ಅಡುಗೆಮನೆಯ ಮೂಲೆಯಲ್ಲಿ ಕೂತು ಒಂದು ಚೀಟಿ ಹಿಡಿದುಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ಸಾಹೇಬರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ದನಿ ತಗ್ಗಿಸಿದರು.

“ಪುಟ್ಟಿ, ‘ಚೆನ್ನಾಗಿ ಮಾತಾಡಿದೆ’ ಅಂತ ನೀಲೀಲಿ ಹೇಗೆ ಹೇಳೋದು?”

ಅವಳು ಹೇಳಿಕೊಟ್ಟಳು. ಅವರು ಏಳೆಂಟು ಸಲ ಹೇಳಿ ನೋಡಿದರು.

“ಇನ್ನೂ ಒಂದು ಹೇಳಿಕೊಡು. ನಿನಗೆ ಬಿಡು, ನೀರು ಕುಡಿದ ಹಾಗೆ ಬರುತ್ತೆ.”

ಮಗಳು ಚೀಟಿಯನ್ನು ಮಡಿಸಿ ಇಟ್ಟಳು. ಮುಖ ಬಾಡಿತು.

“ನನಗೆ ಬರಲ್ಲ ಅಪ್ಪಾ.”

“ಬರಲ್ಲ ಅಂದ್ರೆ?”

“ನನ್ನನ್ನ ಮೇಲಿನ ಗುಂಪಿಗೆ ಹಾಕಿದಾರೆ. ಅಲ್ಲಿ ಎಲ್ಲರ ಮನೇಲೂ ನೀಲೀನೇ ಮಾತಾಡೋದು. ಅವರು ನಕ್ಕಾಗ ನಾನೂ ನಗ್ತೀನಿ. ಯಾಕೆ ಅಂತ ಗೊತ್ತಿರಲ್ಲ. ಕೆಳಗಿನ ಗುಂಪಲ್ಲಿ ಒಂದೊಂದೇ ಮಾತು ಹೇಳಿಕೊಡ್ತಾರೆ. ನಾನು ಕಿಟಕಿಯಿಂದ ಕೇಳಿಸಿಕೊಂಡು ಕಲೀತಿದೀನಿ.”

“ಮೇಲಿನ ಗುಂಪಿಗೆ ಯಾಕೆ ಹಾಕಿದ್ರು?”

“ಫಾರಂನಲ್ಲಿ ಟಿಕ್ ಇತ್ತಂತೆ.”

ಆರು ತಿಂಗಳು. ಆರು ತಿಂಗಳಿಂದ ಒಂದು ದಿನ ಬಿಟ್ಟು ಒಂದು ದಿನ ಅವರ ಮಗಳು ಬಾಯಿ ಮುಚ್ಚಿಕೊಂಡು ಕೂತಿದ್ದಳು. ಮೇಡಂಗಳು ಅದನ್ನು ಅಪ್ಪನ ಗಾಂಭೀರ್ಯ ಎಂದುಕೊಂಡಿದ್ದರು.

“ಮೇಡಂಗೆ ಹೇಳಬಾರದಿತ್ತಾ ಮಗಳೇ?”

“ಹೇಳಿದ್ರೆ ಅಪ್ಪ ಸುಳ್ಳು ಬರೆದಿದಾರೆ ಅಂದ್ಕೋತಾರೆ.”

ಮಗಳು ಮುಂದುವರಿಸಿದಳು. ಆರನೇ ತರಗತಿಯ ಪ್ರತಿಯೊಬ್ಬರೂ ಭಾಷಣ ದಿನ ಎಲ್ಲರೆದುರು ನಿಂತು ಎರಡು ನಿಮಿಷ ನೀಲಿಯಲ್ಲಿ ಮಾತಾಡಬೇಕು. ಆಡದವರು ಈ ಆರು ತಿಂಗಳನ್ನು ಮತ್ತೆ ಮೊದಲಿನಿಂದ ಓದಬೇಕು, ತಮಗಿಂತ ಚಿಕ್ಕವರ ಜೊತೆ. ಅವಳು ಎರಡು ನಿಮಿಷದ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು. “ಅದೊಂದು ಹೇಳಿಬಿಟ್ರೆ ಆಯ್ತು. ನೀನು ಮಾತ್ರ ಎದುರಿಗೆ ಕೂತ್ಕೋಬೇಡ ಅಪ್ಪಾ. ನಿನ್ನ ನೋಡಿದ್ರೆ ನನಗೆ ಮರೆತುಹೋಗುತ್ತೆ.”

ಮರುದಿನ ಹಸಿರು ದಿನ. ಸಾಹೇಬರು ಅರ್ಧ ದಿನದ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು. ಪ್ರಿನ್ಸಿಪಾಲರು ಕಡಲಾಚೆಯಿಂದ ಬಂದ ಹಿರಿಯ ಹೆಂಗಸು, ಬಿಳಿ ಕೂದಲು, ಕಂಬದಂತೆ ನೇರ ನಿಲುವು. ಶಾಲೆಯ ನಿಯಮಗಳನ್ನು ಬರೆದವರೇ ಅವರು. ಹಸಿರು ದಿನ ನೀಲಿ ಮಾತಾಡಿ ತಾವೇ ಅವನ್ನು ಮುರಿದರೆ ಹೇಗೆ? ಸಾಹೇಬರು ನಿಂತೇ ಮಾತಾಡಿದರು.

“ಮೇಡಂ, ನನ್ನ ಫಾರಂನಲ್ಲಿ ಇರೋದು ಒಂದೂ ನಿಜ ಅಲ್ಲ. ನನಗೆ ನೀಲಿ ಭಾಷೆ ಬರಲ್ಲ. ಈಜು ಬರಲ್ಲ. ಖಾಲಿ ಬಿಡಬಾರದು ಅಂತ ಟಿಕ್ ಹಾಕಿದೆ. ತಪ್ಪೆಲ್ಲ ನಂದು, ಮಗೂದು ಏನೂ ಇಲ್ಲ. ಅವಳನ್ನ ಕೆಳಗಿನ ಗುಂಪಿಗೆ ಹಾಕಿ. ನನ್ನನ್ನ ತೀರ್ಪುಗಾರರ ಕೆಲಸದಿಂದ ಬಿಡಿಸಿ.”

ಪ್ರಿನ್ಸಿಪಾಲರು ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು. ನಿಧಾನವಾಗಿ ತಲೆಯಾಡಿಸಿದರು. ಉದ್ದನೆಯ ನಿಟ್ಟುಸಿರು ಬಿಟ್ಟರು. ಎದ್ದು ಬಂದು ಸಾಹೇಬರ ಎರಡೂ ಕೈ ಹಿಡಿದುಕೊಂಡು, “ತುಂಬಾ ಸಂತೋಷ,” ಎಂದರು.

ಸಾಹೇಬರ ಕಣ್ಣಲ್ಲಿ ನೀರು ಬಂತು. ಎಂಥ ದೊಡ್ಡ ಮನಸ್ಸು! ಮನೆಗೆ ಬಂದು ಹೆಂಡತಿಗೂ ಮಗಳಿಗೂ ಸಿಹಿ ಸುದ್ದಿ ಹೇಳಿದರು. “ಎಲ್ಲ ಹೇಳಿಬಿಟ್ಟೆ. ಒಂದು ಮಾತು ಬೈಲಿಲ್ಲ ಪುಣ್ಯಾತ್ಗಿತ್ತಿ.” ಆ ಪುಣ್ಯಾತ್ಗಿತ್ತಿಗೆ ಸರಾಗವಾಗಿ ಬರುತ್ತಿದ್ದ ಹಸಿರು ಭಾಷೆ ‘ತುಂಬಾ ಸಂತೋಷ’ ಮತ್ತು ‘ಬಾಗಿಲು ಹಾಕಿ’, ಈ ಎರಡೇ ಎಂಬುದು, ಹಸಿರು ದಿನಗಳನ್ನು ಆಕೆ ತಲೆಯಾಡಿಸುತ್ತಲೇ ಕಳೆಯುತ್ತಿದ್ದರು ಎಂಬುದು ಸಾಹೇಬರಿಗೆ ಹೇಗೆ ತಿಳಿಯಬೇಕು?

ಭಾಷಣ ದಿನ ಬಂತು. ಗೇಟಿನ ಮೇಲೆ ನೀಲಿ ಬಾವುಟ. ಸಾಹೇಬರು ಹೆಂಡತಿಯ ಜೊತೆ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂರುವುದೆಂದು ಮಗಳಿಗೆ ಮಾತು ಕೊಟ್ಟಿದ್ದರು. ಬಾಗಿಲಲ್ಲೇ ಚಟುವಟಿಕೆ ಮೇಡಂ ಅವರ ತೋಳು ಹಿಡಿದು, ನಡುದಾರಿಯುದ್ದಕ್ಕೂ ನಡೆಸಿಕೊಂಡು ಹೋಗಿ, ವೇದಿಕೆಯ ಮುಂದಿನ ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಸಭೆ ಚಪ್ಪಾಳೆ ತಟ್ಟಿತು. ಸಾಹೇಬರು ಹಿಂದಿರುಗಿ ನೋಡಿದರು. ಹೆಂಡತಿ ತಲೆಯ ಮೇಲೆ ಕೈ ಹೊತ್ತಿದ್ದಳು.

ಎದುರಿಗೆ ಚೂಪು ಮಾಡಿದ ಪೆನ್ಸಿಲ್ಲು, ಅಂಕಪಟ್ಟಿ. ಇಪ್ಪತ್ತೇಳು ಮಕ್ಕಳು, ಒಬ್ಬೊಬ್ಬರಿಗೆ ಐದೈದು ಖಾನೆ. ಖಾನೆ ಖಾಲಿ ಬಿಡುವಂತಿಲ್ಲ. ಮೊದಲ ಮಗು ಮಾತಾಡಿ ಮುಗಿಸಿತು. ಸಾಹೇಬರು ಐದೂ ಕಡೆ ಏಳು ಎಂದು ಬರೆದು, ಎದ್ದು, ತಮಗೆ ಬರುತ್ತಿದ್ದ ಒಂದೇ ನೀಲಿ ವಾಕ್ಯವನ್ನು ಹೇಳಿದರು: “ಚೆನ್ನಾಗಿ ಮಾತಾಡಿದೆ.” ಎರಡನೆಯದಕ್ಕೂ ಏಳು, ಚೆನ್ನಾಗಿ ಮಾತಾಡಿದೆ. ಐದನೆಯ ಮಗು ನಡುವೆಯೇ ಅಳುತ್ತ ಇಳಿದುಹೋಯಿತು. ಏಳು, ಚೆನ್ನಾಗಿ ಮಾತಾಡಿದೆ. ಪಕ್ಕದಲ್ಲಿದ್ದ ಇನ್ನೊಬ್ಬ ತೀರ್ಪುಗಾರರು ಹಲ್ಲಿನ ಡಾಕ್ಟರು. ಅವರು ಮೊದಲ ಮಗುವಿಗೆ ಒಂಬತ್ತು ಬರೆದವರು, ಓರೆಗಣ್ಣಿನಿಂದ ಸಾಹೇಬರ ಹಾಳೆ ನೋಡಿ, ಒಂಬತ್ತನ್ನು ಅಳಿಸಿ ಏಳು ಮಾಡಿದರು. ಆಮೇಲೆ ನೋಡುವ ಗೋಜಿಗೂ ಹೋಗದೆ ಎಲ್ಲರಿಗೂ ಏಳು ಹಾಕುತ್ತ ಹೋದರು.

ಹತ್ತೊಂಬತ್ತನೆಯವಳಾಗಿ ಸಾಹೇಬರ ಮಗಳು ಬಂದಳು.

ಮೈಕಿನ ಮುಂದೆ ನಿಂತಳು. ಕಂಬದ ಕಡೆ ನೋಡಿದಳು. ಅಲ್ಲಿ ಅಮ್ಮ ಒಬ್ಬಳೇ. ಕಣ್ಣು ಕೆಳಗಿಳಿದು ಎದುರಿನ ಎತ್ತರದ ಕುರ್ಚಿಗೆ ಬಂದು ನಿಂತಿತು. ಬಾಯಿ ತೆರೆದಳು. ಮಾತು ಬರಲಿಲ್ಲ. ಮತ್ತೆ ತೆರೆದಳು. ಅರ್ಧ ನಿಮಿಷದ ಗಂಟೆ ಹೊಡೆಯಿತು. ಮೈಕಿನಲ್ಲಿ ಅವಳ ಉಸಿರಾಟವೊಂದೇ ಕೇಳುತ್ತಿತ್ತು.

ಪ್ರಿನ್ಸಿಪಾಲರು ಬಗ್ಗಿ ಸಾಹೇಬರನ್ನು ಏನೋ ಕೇಳಿದರು. ಸಾಹೇಬರಿಗೆ ಅರ್ಥವಾಗಲಿಲ್ಲ. ಇಡೀ ಸಭೆ ಅವರತ್ತ ನೋಡಿತು. ಅವರ ಬಳಿ ಇದ್ದದ್ದು ಒಂದೇ ವಾಕ್ಯ, ಅದನ್ನು ಈಗ ಹೇಳುವಂತಿರಲಿಲ್ಲ. ಮಗಳ ಕೈಬೆರಳುಗಳು ನಡುಗುತ್ತಿದ್ದವು. ಇಲಾಖೆಯಲ್ಲಿ ಮೊದಲ ದಿನವೇ ಅವರಿಗೆ ಒಂದು ಪಾಠ ಹೇಳಿಕೊಟ್ಟಿದ್ದರು: ತಕ್ಕಡಿಯ ಮುಳ್ಳು ನಡುಗುತ್ತಿದ್ದರೆ ತಕ್ಕಡಿಯನ್ನು ಬೈಯಬೇಡ, ಅದನ್ನಿಟ್ಟ ಮೇಜನ್ನು ನೋಡು. ಇಲ್ಲಿ ಮೇಜು ತಾವೇ ಎಂದು ಸಾಹೇಬರಿಗೆ ಅನಿಸಿತು.

ಅವರು ಎದ್ದರು. ಎದೆಯ ನೀಲಿ ಬ್ಯಾಡ್ಜನ್ನು ಬಿಚ್ಚಿ ಅಂಕಪಟ್ಟಿಯ ಮೇಲಿಟ್ಟರು.

“ನನಗೆ ನೀಲಿ ಭಾಷೆ ಬರೋದಿಲ್ಲ,” ಎಂದರು, ಊರಿನ ಭಾಷೆಯಲ್ಲಿ, ಎಲ್ಲರಿಗೂ ಕೇಳುವಂತೆ.

ಸಭೆಯಲ್ಲಿ ಗುಸುಗುಸು ಎದ್ದಿತು. ಪ್ರಿನ್ಸಿಪಾಲರು ಎದ್ದು ಬಾವುಟದತ್ತ ಬೆರಳು ತೋರಿಸಿದರು. ಚಟುವಟಿಕೆ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು, ತಮ್ಮ ಸೇವೆಯಲ್ಲೇ ಮೊದಲ ಬಾರಿಗೆ ನೀಲಿ ದಿನ ಹಸಿರಿನಲ್ಲಿ ಪಿಸುಗುಟ್ಟಿದರು: “ಸರ್, ವೇದಿಕೆಯ ಪ್ರತಿ ಮಾತೂ ಇವತ್ತು ನೀಲೀಲಿ ಬರಬೇಕು. ಇರಿ, ನಾನು ಬಂದು ಅನುವಾದ ಮಾಡ್ತೀನಿ.” ಅವರು ಸೀರೆಯ ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಮೈಕಿನಿಂದ ಒಂದು ಸಣ್ಣ ದನಿ ಬಂತು.

ಮಗಳು ಅಪ್ಪನ ಮಾತನ್ನು ನೀಲಿಯಲ್ಲಿ ಹೇಳಿದ್ದಳು.

ಸಾಹೇಬರು ಮಗಳನ್ನೇ ನೋಡಿದರು. ಅವಳೂ ಅಪ್ಪನನ್ನೇ ನೋಡುತ್ತಿದ್ದಳು, ಮುಂದಿನ ಮಾತಿಗೆ ಕಾಯುತ್ತ.

“ನನಗೆ ಈಜೂ ಬರೋದಿಲ್ಲ.”

ಅವಳು ಹೇಳಿದಳು. ಸಭೆಯಲ್ಲಿ ಯಾರೋ ನಕ್ಕರು.

“ಕೊಳಲನ್ನ ನಾನು ಇವತ್ತಿನವರೆಗೆ ಮುಟ್ಟಿಲ್ಲ.”

ಕೊಳಲಿಗೆ ಅವಳಿಗೆ ಶಬ್ದ ಸಿಗಲಿಲ್ಲ. ಎರಡೂ ಕೈಯನ್ನು ತುಟಿಯ ಪಕ್ಕ ತಂದು ಬೆರಳು ಆಡಿಸಿ ತೋರಿಸಿದಳು. ಕೆಳಗಿನ ಗುಂಪಿನ ಸಾಲಿನಿಂದ ನಾಲ್ಕೈದು ಮಕ್ಕಳು ಆ ಶಬ್ದವನ್ನು ಕೂಗಿ ಹೇಳಿದರು. ಅವಳು ಅದನ್ನು ತೆಗೆದುಕೊಂಡು ವಾಕ್ಯ ಮುಗಿಸಿದಳು.

“ಪರ್ವತಾನ ನಾನು ರೈಲಿನ ಕಿಟಕಿಯಿಂದ ನೋಡಿದೀನಿ, ಅಷ್ಟೇ. ನಮ್ಮ ಕಚೇರೀಲಿ ಖಾನೆ ಖಾಲಿ ಬಿಟ್ರೆ ಅರ್ಜಿ ವಾಪಸ್ ಬರುತ್ತೆ. ಆ ಭಯಕ್ಕೆ ಎಲ್ಲದಕ್ಕೂ ಟಿಕ್ ಹಾಕಿದೆ.”

ಅವಳು ತಡವರಿಸಿದಳು, ಹಿಂದೆ ಹೋದಳು, ಕೈಯಿಂದ ಗಾಳಿಯಲ್ಲಿ ಟಿಕ್ ಹಾಕಿ ತೋರಿಸಿದಳು. ನಗು ಈಗ ಸಭೆಯ ಎಲ್ಲ ಮೂಲೆಯಿಂದಲೂ ಬಂತು. ಅವಳ ದನಿ ಗಟ್ಟಿಯಾಯಿತು. ಬೆರಳುಗಳು ನಡುಗುವುದು ಯಾವಾಗ ನಿಂತಿತೋ ಸಾಹೇಬರಿಗೆ ತಿಳಿಯಲಿಲ್ಲ.

“ನನ್ನ ಮಗಳಿಗೆ ಈ ಭಾಷೆ ಮನೇಲಿ ಸಿಕ್ಕಿಲ್ಲ. ಅವಳು ಕಲಿತಿದ್ದೆಲ್ಲ ಇಲ್ಲೇ, ಕಿಟಕಿ ಪಕ್ಕ, ಒಬ್ಬಳೇ. ನನ್ನ ಮಾನ ಉಳಿಸೋಕೆ ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ಲು.”

ಇದನ್ನು ಅವಳು ಮೆಲ್ಲಗೆ ಹೇಳಿದಳು. ಯಾರೂ ನಗಲಿಲ್ಲ. ಹಲ್ಲಿನ ಡಾಕ್ಟರು ಪೆನ್ಸಿಲ್ ಕೆಳಗಿಟ್ಟರು.

ಸಾಹೇಬರು ಕನ್ನಡಕ ತೆಗೆದರು. “ಅಪ್ಪ ಆದವನು ಮಾಡೋ ಕೆಲಸ ಅಲ್ಲ ಇದು,” ಎಂದರು. “ನಾನು ಒಳ್ಳೆ ಅಪ್ಪ ಅಲ್ಲ.”

ಮಗಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಚಿಕ್ಕದಾಗಿ ಒಂದು ಮಾತು ಹೇಳಿ ಮೈಕಿನಿಂದ ಹಿಂದೆ ಸರಿದಳು. ಸಭೆ ಎದ್ದು ನಿಂತಿತು. ಕಂಬದ ಪಕ್ಕದಲ್ಲಿ ಹಿರಿಯ ನರ್ಸ್, ಸಾವಿರ ಹೆರಿಗೆಗಳಲ್ಲಿ ಒಮ್ಮೆಯೂ ಅಳದವಳು, ಪಕ್ಕದವರ ಕರವಸ್ತ್ರ ಕಸಿದುಕೊಂಡು ಮೂಗು ಒರೆಸಿಕೊಂಡಳು.

ಸಮಯ ನೋಡುತ್ತಿದ್ದ ಮೇಡಂ ಗಡಿಯಾರ ನಿಲ್ಲಿಸುವುದನ್ನೇ ಮರೆತಿದ್ದರು. ನಾಲ್ಕು ನಿಮಿಷ ಹತ್ತು ಸೆಕೆಂಡು ಆಗಿತ್ತು. ಬೇಕಾಗಿದ್ದದ್ದು ಎರಡೇ ನಿಮಿಷ. ಪ್ರಿನ್ಸಿಪಾಲರು ನಿಯಮದ ಪುಸ್ತಕವನ್ನು ತೆರೆದರು, ಮುಚ್ಚಿದರು. ಸಾಹೇಬರ ಬಳಿ ಬಂದು, ತಮ್ಮ ಬ್ಯಾಡ್ಜನ್ನೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಹುಡುಕಿ ಹುಡುಕಿ ಹಸಿರಿನಲ್ಲಿ ಹೇಳಿದರು:

“ಅವತ್ತು... ನೀವು... ಇದು ಹೇಳಿದ್ದು?”

“ಹೌದು ಮೇಡಂ, ಇದೇ.”

“ನಾನು ತಲೆ ಆಡಿಸಿದೆ. ನನಗೆ ಅರ್ಥ... ಇಲ್ಲ.” ಆಕೆಯ ಕಿವಿ ಕೆಂಪಾಗಿತ್ತು. “ನಾಚಿಕೆ. ಕೇಳಲಿಲ್ಲ.”

ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಹಲ್ಲಿನ ಡಾಕ್ಟರು ಗೌರವದಿಂದ ಎದ್ದು ನಿಂತರು. ಆಮೇಲೆ ರಬ್ಬರು ತರಿಸಿಕೊಂಡು ಹದಿನೆಂಟು ಮಕ್ಕಳ ತೊಂಬತ್ತೂ ‘ಏಳು’ಗಳನ್ನು ಅಳಿಸಿ ಹೊಸದಾಗಿ ಬರೆಯಲು ಕೂತರು.

ಮುಂದಿನ ವಾರ ಮಗಳು ಕೆಳಗಿನ ಗುಂಪಿಗೆ ಹೋದಳು, ಕಿಟಕಿಯ ಈಚೆಯಿಂದ ಆಚೆಗೆ. ಮೊದಲ ದಿನವೇ ಅವಳು ಮನೆಗೆ ಬಂದು ಏನೋ ಜೋಕು ಹೇಳಿ ನಕ್ಕಳು. ಅದು ನೀಲಿ ಭಾಷೆಯದಾದ್ದರಿಂದ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ, ಆದರೂ ಎಲ್ಲರೂ ನಕ್ಕರು. ಗಾರ್ಡಿಗೆ ಸಾಹೇಬರು ತಾವಾಗಿ ಮೇಲೆ ಹೋಗಿ ನಿಜ ಹೇಳಿದರು. ಗಾರ್ಡು ಬಹಳ ಹೊತ್ತು ಯೋಚಿಸಿ, “ಅಂದ್ರೆ 'ಮೊದಲನೇ ಸಲಕ್ಕೆ' ಅಂದಿದ್ದೂ ಸುಳ್ಳಾ? ನಾವು ಪ್ರತಿ ಸಲಾನೂ ಮೆಟ್ಟಿಲು ಒರೆಸ್ತಾ ಇದೀವಲ್ರೀ!” ಎಂದರು.

ಶಾಲೆ ಸಾಹೇಬರಿಗೆ ಹೊಸ ಫಾರಂ ಕೊಟ್ಟಿತು. ಅವರು ಮನಸ್ಸು ಗಟ್ಟಿ ಮಾಡಿಕೊಂಡು, ಜೀವಮಾನದಲ್ಲೇ ಮೊದಲ ಬಾರಿಗೆ ನಲವತ್ತೊಂದು ಖಾನೆ ಖಾಲಿ ಬಿಟ್ಟು ಕಳಿಸಿದರು. ಮೂರೇ ದಿನದಲ್ಲಿ ಅದು ವಾಪಸು ಬಂತು, ಮೇಲೆ ಕೆಂಪು ಶಾಯಿಯಲ್ಲಿ ‘ಅಪೂರ್ಣ’ ಎಂದು ಬರೆಸಿಕೊಂಡು.

ಹಾಗಾಗಿ ಒಂದು ರಜಾದಿನ ಮಧ್ಯಾಹ್ನ ಸಾಹೇಬರು ಮತ್ತೆ ಊಟದ ಮೇಜು ಒರೆಸಿಕೊಂಡು ಕೂತು, ಒಂದೊಂದು ಖಾನೆಯಲ್ಲೂ ‘ಗೊತ್ತಿಲ್ಲ’ ಎಂದು ದುಂಡಗೆ ಬರೆಯುತ್ತಿದ್ದರು. ಎದುರಿಗೆ ಮಗಳು ಲೆಕ್ಕ ಮಾಡುತ್ತಿದ್ದಳು. ಕೊಳಲಿನ ಖಾನೆಗೆ ಬಂದಾಗ ಅವರು ಪೆನ್ನು ನಿಲ್ಲಿಸಿದರು.

“ಪುಟ್ಟಿ, ಅವತ್ತು ಕೊನೇಲಿ ನಾನು ಒಂದು ಮಾತು ಹೇಳಿದೆನಲ್ಲ, ಒಳ್ಳೆ ಅಪ್ಪ ಅಲ್ಲ ಅಂತ. ಅದನ್ನ ನೀಲೀಲಿ ಹೇಗೆ ಹೇಳಿದೆ?”

“ಹೇಳಲಿಲ್ಲ.”

“ಏನೋ ಅಂದೆಯಲ್ಲ?”

“‘ಇಷ್ಟೇ’ ಅಂದೆ.” ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. “ಅದೊಂದನ್ನ ಖಾಲಿ ಬಿಟ್ಟೆ ಅಪ್ಪಾ.”

ಸಾಹೇಬರು ಉಳಿದ ಖಾನೆಗಳನ್ನು ತುಂಬಿದರು. ಕೊನೆಗೆ ‘ಇತರೆ’ ಒಂದು ಉಳಿಯಿತು. ಕಿಟಕಿಯ ಹೊರಗೆ ನೋಡಿದರು. ಬಿಸಿಲಿತ್ತು, ಸ್ವಲ್ಪ ಗಾಳಿಯೂ ಇತ್ತು. ಅವರು ಪೆನ್ನಿಗೆ ಮುಚ್ಚಳ ಹಾಕಿ, ಫಾರಂ ಮಡಿಸಿ ಲಕೋಟೆಯೊಳಗಿಟ್ಟರು.